ಹಿಮ್ಮಡಿಯ ಒಂದು ಹನಿ ರಕ್ತ

ಸಹಕಾರನಗರದ ಒಂದು ಮನೆಗೆ ಬಾಣಂತಿ, ಮಗು ಬಂದಿಳಿದಿದ್ದಾರೆ ಎಂದಿಟ್ಟುಕೊಳ್ಳಿ. ಆರತಿ ಎತ್ತಿ ಒಳಗೆ ಕರೆದುಕೊಂಡದ್ದೂ ಆಯಿತು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು: ಮಗುವಿನ ಟಿಎಸ್‌ಎಚ್ ಹೆಚ್ಚಾಗಿದೆ, ಇನ್ನೊಮ್ಮೆ ರಕ್ತ ಕೊಡಬೇಕು. ಅಜ್ಜಿ ಸುತರಾಂ ಒಪ್ಪುವುದಿಲ್ಲ. ‘ಚೆನ್ನಾಗಿ ಹಾಲು ಕುಡೀತಿದೆ. ಹಸುಗೂಸಿಗೆ ಎಷ್ಟು ಸಲ ಚುಚ್ತೀರಿ?’

ಪಿಯುಸಿಯಲ್ಲಿ ಜೀವಶಾಸ್ತ್ರ ಓದುವ ಮೊಮ್ಮಗಳಿಗೆ ಟಿಎಸ್‌ಎಚ್ ಗೊತ್ತು. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ‘ಕೆಲಸ ಮಾಡು’ ಎಂದು ಕಳಿಸುವ ಹಾರ್ಮೋನು ಅದು. ಪಠ್ಯಪುಸ್ತಕದಲ್ಲಿ ಇಲ್ಲದ್ದು ಇನ್ನೊಂದಿದೆ. ಬೆಚ್ಚಗಿನ ಗರ್ಭದಿಂದ ಹೊರಗಿನ ಚಳಿಗೆ ಬಂದ ಅರ್ಧ ಗಂಟೆಯಲ್ಲೇ ಆರೋಗ್ಯವಂತ ಮಗುವಿನಲ್ಲೂ ಇದು 60–80 ಯೂನಿಟ್‌ವರೆಗೆ ಏರಿ, ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಆದ್ದರಿಂದಲೇ ಹಿಮ್ಮಡಿ ಚುಚ್ಚಿ ರಕ್ತ ತೆಗೆಯಲು 48ರಿಂದ 72 ಗಂಟೆಯ ನಡುವಿನ ಹೊತ್ತು ಒಳ್ಳೆಯದು. ಮರುದಿನವೇ ಡಿಸ್ಚಾರ್ಜ್ ಎಂದು ಅವಸರದಲ್ಲಿ ತೆಗೆದರೆ ಸುಳ್ಳು ಗಾಬರಿ ಹೆಚ್ಚು.

ಕೆಲವೆಡೆ ಹೊಕ್ಕುಳಬಳ್ಳಿಯ ರಕ್ತವನ್ನೇ ಪರೀಕ್ಷಿಸುತ್ತಾರೆ, ಚುಚ್ಚುವ ಗೋಜಿಲ್ಲ. ಆದರೆ ಅದರಲ್ಲಿ ಹೆರಿಗೆಯ ಕಷ್ಟವೂ ಬೆರೆತಿರುತ್ತದೆ. ವ್ಯಾಕ್ಯೂಮ್, ಫೋರ್ಸೆಪ್ಸ್ ಬಳಸಿದ್ದರೆ, ಮಗು ಬಳಲಿದ್ದರೆ ಟಿಎಸ್‌ಎಚ್ ಏರಿರಬಹುದು. ಗಾಯ ತೊಳೆಯುವ ಅಯೋಡಿನ್ ದ್ರಾವಣ ಮಗುವಿಗೆ ತಾಗಿದರೂ ಥೈರಾಯ್ಡ್ ಕೆಲಕಾಲ ಮಂಕಾಗಬಹುದು. ತಿಂಗಳು ತುಂಬದೆ ಹುಟ್ಟಿದ ಮಗುವಿನದು ಇದಕ್ಕೆ ವಿರುದ್ಧ: ಮೊದಲ ವರದಿ ಸರಿಯಿದ್ದು, ದೋಷ ತಡವಾಗಿ ಕಾಣಬಹುದು. ಅದಕ್ಕೇ ಎರಡರಿಂದ ನಾಲ್ಕು ವಾರಗಳಲ್ಲಿ ಮತ್ತೊಮ್ಮೆ ಪರೀಕ್ಷೆ.

ಹಾಗಿದ್ದರೆ ಅಜ್ಜಿಯ ಮಾತೇ ಸರಿಯೇ? ಅಲ್ಲ. ಭಾರತದಲ್ಲಿ ಸುಮಾರು ಸಾವಿರ ಮಕ್ಕಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಈ ಕೊರತೆ ಇರುತ್ತದೆ. ತಾಯಿಯಿಂದ ಬಂದ ಹಾರ್ಮೋನಿನ ಬಲದಲ್ಲಿ ಮಗು ಮೊದಮೊದಲು ಚೆನ್ನಾಗಿಯೇ ಕಾಣುತ್ತದೆ. ಲಕ್ಷಣ ಕಾಣುವವರೆಗೆ ಕಾದರೆ ಮೆದುಳಿಗಾದ ನಷ್ಟ ತುಂಬಿಬರುವುದಿಲ್ಲ. ಎರಡು ವಾರದೊಳಗೆ ಲಿವೊಥೈರಾಕ್ಸಿನ್ ಮಾತ್ರೆ ಶುರುವಾದರೆ ಬಹುತೇಕ ಮಕ್ಕಳು ಓರಗೆಯವರಂತೆಯೇ ಓದಿ ಬೆಳೆಯುತ್ತಾರೆ. ಮಾತ್ರೆಗೆ ದುಬಾರಿ ಬೆಲೆಯೂ ಇಲ್ಲ. ಪುಡಿಮಾಡಿ ಎದೆಹಾಲಿನಲ್ಲಿ ಕಲಸಿ ಚಮಚದಲ್ಲಿ ಕುಡಿಸಿದರಾಯಿತು.

ಈ ಬಗೆಯ ತಪಾಸಣೆ ಬೆಂಗಳೂರಿಗೆ ಹೊಸದೇನಲ್ಲ. ಅಮೈನೋ ಆಮ್ಲಗಳ ದೋಷ ಪತ್ತೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರ ದಶಕದಲ್ಲೇ ಲಕ್ಷಕ್ಕೂ ಹೆಚ್ಚು ಶಿಶುಗಳ ರಕ್ತ ಪರೀಕ್ಷಿಸಿದ್ದರು.

ಮೊಮ್ಮಗಳು ಡಿಸ್ಚಾರ್ಜ್ ಚೀಟಿ ಬಿಡಿಸುತ್ತಾಳೆ: ವ್ಯಾಕ್ಯೂಮ್ ಹೆರಿಗೆ, ರಕ್ತ ತೆಗೆದದ್ದು 20ನೆಯ ಗಂಟೆಗೆ. ಅದೇ ಕಾರಣ ಇರಬಹುದು, ಇಲ್ಲದೆಯೂ ಇರಬಹುದು. ಚೀಟಿ ನೋಡಿ ಅದನ್ನು ಹೇಳಲಾಗದು. ಬಾಣಂತಿಗೆ ಸ್ವೆಟರ್, ಮಗುವಿಗೆ ಕುಲಾವಿ ಹುಡುಕಿಕೊಟ್ಟು, ಅಜ್ಜಿಯೇ ಆಟೋ ಕರೆಯಲು ಹೇಳುತ್ತಾರೆ.