ಜಾರಿದವರನ್ನು ನಿಲ್ಲಿಸುವ ಸ್ಥಿತಿಕರಣ

ವ್ಯಾಪಾರದಲ್ಲಿ ನಷ್ಟ, ವಿದ್ಯಾಭ್ಯಾಸದಲ್ಲಿ ಸೋಲು, ಆಪ್ತರ ಅಗಲಿಕೆ, ಕೈಗೊಂಡ ವ್ರತದ ಭಂಗ ಇವುಗಳಲ್ಲಿ ಒಂದೂ ಎದುರಾಗದ ಬಾಳು ವಿರಳ. ಇಂತಹ ಸಮಯದಲ್ಲಿ ಮನುಷ್ಯನನ್ನು ನಷ್ಟಕ್ಕಿಂತಲೂ ಹೆಚ್ಚಾಗಿ ಕುಗ್ಗಿಸುವುದು ‘ಇನ್ನು ನನ್ನಿಂದಾಗದು’ ಎಂಬ ಭಾವ. ‘ಎಲ್ಲವೂ ಅವನ ಕರ್ಮ’ ಎಂಬ ನೆರೆಹೊರೆಯವರ ಮಾತೂ ಅದಕ್ಕೆ ಸೇರಿದರೆ ಮತ್ತೆ ಏಳುವ ದಾರಿಯೇ ಮುಚ್ಚಿದಂತೆ ತೋರುತ್ತದೆ. ಆದರೆ ಜಿನಾಗಮದ ಆಶಯ ಇದಲ್ಲ.

ಕರ್ಮಸಿದ್ಧಾಂತವೆಂದರೆ ಕಟ್ಟಿಕೊಂಡದ್ದನ್ನು ಕಣ್ಮುಚ್ಚಿ ಅನುಭವಿಸುವುದಷ್ಟೇ ಎಂದು ಹಲವರು ತಿಳಿದಿದ್ದಾರೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಕರ್ಮಕಾಂಡದಲ್ಲಿ ಕರ್ಮದ 10 ಕರಣಗಳನ್ನು ವಿವರಿಸಿದ್ದಾರೆ. ಬಂಧ, ಉದಯಗಳ ಜೊತೆಗೆ ಕರ್ಮದ ಕಾಲ ಮತ್ತು ಶಕ್ತಿ ಕುಗ್ಗುವ ಅಪಕರ್ಷಣವೂ, ಒಂದು ಪ್ರಕೃತಿ ತನ್ನದೇ ಜಾತಿಯ ಇನ್ನೊಂದಾಗಿ ಮಾರ್ಪಡುವ ಸಂಕ್ರಮಣವೂ ಅಲ್ಲಿವೆ. ದುಃಖ ಕೊಡಬೇಕಿದ್ದ ಅಸಾತಾವೇದನೀಯವು ಜೀವನ ಶುಭಪರಿಣಾಮದಿಂದ ಸಾತಾವೇದನೀಯವಾಗಿ ತಿರುಗಬಲ್ಲದು. ಬದಲಾಗದ ನಿಕಾಚಿತ ಕರ್ಮವನ್ನೂ ಆಚಾರ್ಯರು ಹೇಳಿದ್ದಾರೆ, ನಿಜ. ಆದರೆ ತನ್ನ ಯಾವ ಕರ್ಮ ನಿಕಾಚಿತ ಎಂಬುದನ್ನು ಛದ್ಮಸ್ಥನಾದ ಮನುಷ್ಯ ಅರಿಯಲಾರ. ಅವನ ನೆರೆಯವರಂತೂ ಅರಿಯಲಾರರು. ಹೀಗಿರುವಾಗ ಬಿದ್ದವನನ್ನು ಕಂಡು ‘ಇದು ತಪ್ಪಿದ್ದಲ್ಲ’ ಎಂದು ತೀರ್ಪು ಕೊಡುವ ಅಧಿಕಾರ ಯಾರಿಗೂ ಇಲ್ಲ. ಪುರುಷಾರ್ಥವೊಂದೇ ಅವನ ಕೈಯಲ್ಲಿರುವುದು.

ಆಗಮವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ಎಣಿಸಿದ 5 ಚಾರಿತ್ರಗಳಲ್ಲಿ ಎರಡನೆಯದು ಛೇದೋಪಸ್ಥಾಪನಾ. ಪ್ರಮಾದದಿಂದ ವ್ರತಕ್ಕೆ ಭಂಗ ಬಂದಾಗ ದೋಷವನ್ನು ಕಳೆದು ಮತ್ತೆ ವ್ರತದಲ್ಲಿ ನೆಲೆಗೊಳ್ಳುವುದೇ ಇದರ ಅರ್ಥ. ಸಾಧಕನೂ ಜಾರಬಹುದೆಂಬುದನ್ನು ಆಚಾರ್ಯರು ಮೊದಲೇ ಬಲ್ಲರು. ಆದುದರಿಂದಲೇ ಮರಳಿ ನಿಲ್ಲುವುದನ್ನೂ ಚಾರಿತ್ರವೆಂದೇ ಗೌರವಿಸಿದರು. ಅದೇ ಅಧ್ಯಾಯದಲ್ಲಿ ಹೇಳಿರುವ 9 ಬಗೆಯ ಪ್ರಾಯಶ್ಚಿತ್ತಗಳು ಆಲೋಚನೆಯಿಂದ ಆರಂಭವಾಗಿ ಉಪಸ್ಥಾಪನೆಯಲ್ಲಿ ಮುಗಿಯುತ್ತವೆ. ಗುರುವಿನ ಮುಂದೆ ನಡೆದದ್ದನ್ನು ನಿಷ್ಕಪಟವಾಗಿ ಹೇಳಿಕೊಳ್ಳುವುದೇ ಆಲೋಚನೆ. ಗೃಹಸ್ಥನಿಗೂ ಈ ಕ್ರಮ ದಾರಿದೀಪ. ಸಾಲದಲ್ಲಿ ಮುಳುಗಿದವನು ಲೆಕ್ಕವನ್ನು ಮನೆಯವರಿಂದ ಮರೆಮಾಚುವಷ್ಟು ದಿನವೂ ಚೇತರಿಕೆ ದೂರವೇ ಉಳಿಯುತ್ತದೆ.

ಆದರೆ ಬಿದ್ದವನು ತಾನೊಬ್ಬನೇ ಎದ್ದು ನಿಲ್ಲಬೇಕೆ? ಸಮ್ಯಗ್ದರ್ಶನದ 8 ಅಂಗಗಳಲ್ಲಿ ಆರನೆಯದಾದ ಸ್ಥಿತಿಕರಣವು ಈ ಪ್ರಶ್ನೆಗೆ ಉತ್ತರ. ದರ್ಶನದಿಂದಲೋ ಚಾರಿತ್ರದಿಂದಲೋ ಜಾರುತ್ತಿರುವವರನ್ನು ಧರ್ಮವತ್ಸಲರು ಮತ್ತೆ ನೆಲೆಗೊಳಿಸಬೇಕೆಂದು ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸುತ್ತಾರೆ. ಈ ಅಂಗಕ್ಕೆ ಅವರು ಹೆಸರಿಸುವ ಆದರ್ಶಪುರುಷ ವಾರಿಷೇಣ.

ಮಗಧದ ಶ್ರೇಣಿಕ ಮಹಾರಾಜ ಮತ್ತು ಚೇಲಿನಿಯರ ಪುತ್ರನಾದ ವಾರಿಷೇಣನ ಮೇಲೆ ಹಾರದ ಕಳವಿನ ಸುಳ್ಳು ಆರೋಪ ಬಂದಿತು. ತಂದೆಯೇ ಮರಣದಂಡನೆ ವಿಧಿಸಿದ. ಎತ್ತಿದ ಕತ್ತಿ ಹೂಮಾಲೆಯಾಯಿತು ಎನ್ನುತ್ತದೆ ಕಥೆ. ಸತ್ಯ ಹೊರಬಿದ್ದರೂ ಅರಮನೆಗೆ ಮರಳದೆ ಅವನು ಮುನಿದೀಕ್ಷೆ ಪಡೆದ. ಅವನ ಹಿಂದೆಯೇ ಗೆಳೆಯ ಪುಷ್ಪಡಾಲನೂ ದೀಕ್ಷೆ ತೊಟ್ಟ. ಆದರೆ 12 ವರ್ಷ ಕಳೆದರೂ ಪುಷ್ಪಡಾಲನ ಮನಸ್ಸು ಮನೆಯಲ್ಲಿ ಬಿಟ್ಟುಬಂದ ಹೆಂಡತಿಯನ್ನೇ ನೆನೆಯುತ್ತಿತ್ತು. ಇದನ್ನರಿತ ವಾರಿಷೇಣ ಮುನಿ ಗೆಳೆಯನನ್ನು ಗದರಲಿಲ್ಲ, ಸಂಘದ ಮುಂದೆ ಅವಮಾನಿಸಲಿಲ್ಲ. ತನ್ನೊಡನೆ ಅರಮನೆಗೆ ಕರೆದೊಯ್ದ. ಮಗ ಚಾರಿತ್ರದಿಂದ ಜಾರಿ ಬಂದನೇನೋ ಎಂದು ಶಂಕಿಸಿದ ಚೇಲಿನಿ ಸರಾಗವೊಂದು, ವೀತರಾಗವೊಂದು ಹೀಗೆ ಎರಡು ಆಸನ ಹಾಕಿಸಿದಳು. ವಾರಿಷೇಣ ವೀತರಾಗ ಆಸನದಲ್ಲಿಯೇ ಕುಳಿತ. ಬಳಿಕ ತಾನು ತೊರೆದ ಅಂತಃಪುರವನ್ನು, ಯುವರಾಜ ಪದವಿಯನ್ನು ಗೆಳೆಯನಿಗೆ ತೋರಿ, ಬೇಕಿದ್ದರೆ ಸ್ವೀಕರಿಸು ಎಂದ. ಪುಷ್ಪಡಾಲ ನಾಚಿ ತಲೆತಗ್ಗಿಸಿ, ನಿಜವಾದ ವೈರಾಗ್ಯದಲ್ಲಿ ಸ್ಥಿರನಾದ. ಕಳಂಕದ ಬೇಗೆಯನ್ನು ತಾನೇ ಉಂಡವನಾದ್ದರಿಂದ ಇನ್ನೊಬ್ಬನ ಮಾನವನ್ನು ಕಾಯ್ದು ಮೇಲೆತ್ತುವ ಬಗೆ ವಾರಿಷೇಣನಿಗೆ ತಿಳಿದಿತ್ತು. ಸ್ಥಿತಿಕರಣಕ್ಕೆ ಮುಂಚಿನ ಅಂಗವು ಪರದೋಷವನ್ನು ಮುಚ್ಚುವ ಉಪಗೂಹನ, ಮುಂದಿನದು ವಾತ್ಸಲ್ಯ ಎಂಬುದನ್ನು ಇಲ್ಲಿ ನೆನೆಯಬೇಕು.

ಸ್ವತಃ ಸಮಂತಭದ್ರರ ಚರಿತ್ರೆಯೂ ಇದಕ್ಕೆ ಸಾಕ್ಷಿ. ಎಷ್ಟುಂಡರೂ ತೀರದ ಹಸಿವಿನ ಭಸ್ಮಕ ವ್ಯಾಧಿ ಅವರನ್ನು ಕಾಡಿತೆಂದು ಪರಂಪರೆ ಹೇಳುತ್ತದೆ. ಶ್ರವಣಬೆಳಗೊಳದ 12ನೆಯ ಶತಮಾನದ ಮಲ್ಲಿಷೇಣ ಪ್ರಶಸ್ತಿಯೂ ಅವರು ಭಸ್ಮಕವನ್ನು ಗೆದ್ದುದನ್ನು ಕೊಂಡಾಡಿದೆ. ಸಲ್ಲೇಖನಕ್ಕೆ ಅನುಮತಿ ಬೇಡಿದ ಶಿಷ್ಯನಿಗೆ ಗುರು ಒಪ್ಪಲಿಲ್ಲವಂತೆ. ಅವನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯವನ್ನು ಮನಗಂಡು, ಮುನಿವೇಷವನ್ನು ಬಿಟ್ಟು ರೋಗ ಕಳೆದುಕೊಳ್ಳುವಂತೆ ಹೇಳಿದರು. ಗುಣಮುಖರಾದ ಸಮಂತಭದ್ರರು ಮತ್ತೆ ದೀಕ್ಷೆ ಪಡೆದರು. ಗುರುವಿನ ಆ ನಂಬಿಕೆ ಅಂದು ಇಲ್ಲದಿದ್ದರೆ ಸ್ಥಿತಿಕರಣವನ್ನು ಬೋಧಿಸಿದ ಆ ವಾಣಿಯೂ ಲೋಕಕ್ಕೆ ದೊರೆಯುತ್ತಿರಲಿಲ್ಲ.

ಸ್ಥಿತಿಕರಣವು ಮುನಿಸಂಘಕ್ಕೆ ಮಾತ್ರ ಸೇರಿದ್ದೆಂದು ಶ್ರಾವಕರು ಕೈಕಟ್ಟಿ ಕೂರಬಾರದು. ಅದನ್ನು ಉಪದೇಶಿಸಿದ್ದು ಶ್ರಾವಕಾಚಾರದಲ್ಲಿಯೇ. ಅಂಗಡಿ ಮುಚ್ಚಿದವನು ಬಸದಿಗೆ ಬರಲು ಸಂಕೋಚಪಡುತ್ತಿದ್ದರೆ ಅವನ ಮನೆಗೇ ಹೋಗಿ ಕರೆತರುವುದು, ಕೈಲಾದ ಬಂಡವಾಳವನ್ನೋ ಉದ್ಯೋಗವನ್ನೋ ಒದಗಿಸುವುದು, ಅನುತ್ತೀರ್ಣನಾದ ಬಾಲಕನ ಭಯ ಕಳೆಯುವುದು ಇವೆಲ್ಲ ಅಷ್ಟದ್ರವ್ಯದ ಅರ್ಚನೆಯಷ್ಟೇ ಆದರದಿಂದ ಮಾಡಬೇಕಾದ ಕರ್ತವ್ಯಗಳು. ಪಂಚಕಲ್ಯಾಣಕ್ಕೆ ಉದಾರವಾಗಿ ಕೊಡುವ ಸಮಾಜವು ಕುಸಿದ ಕುಟುಂಬವೊಂದನ್ನು ಎತ್ತಿ ನಿಲ್ಲಿಸಲು ಹಿಂದೆಗೆದರೆ ಅದರ ಸಮ್ಯಕ್ತ್ವಕ್ಕೆ ಒಂದು ಅಂಗದ ಕೊರತೆ ಉಳಿಯುತ್ತದೆ. ಅಂಗಹೀನವಾದ ದರ್ಶನ ಭವಸಂತತಿಯನ್ನು ಕಡಿಯಲಾರದೆಂಬುದು ಸಮಂತಭದ್ರರದೇ ಎಚ್ಚರಿಕೆ.

ಸೋತು ಕುಳಿತವರು ಇಂದಿನ ಪ್ರತಿಕ್ರಮಣದಲ್ಲಿ ನಿನ್ನೆಯ ದೋಷವನ್ನು ಒಪ್ಪಿಸಿ, ನಾಳೆಗೆಂದು ಒಂದು ಸಣ್ಣ ನಿಯಮವನ್ನಾದರೂ ಕೈಗೊಳ್ಳಲಿ. ಗಟ್ಟಿಯಾಗಿ ನಿಂತವರು ಅವರ ಪಕ್ಕದಲ್ಲಿ ಬಂದು ಕುಳಿತುಕೊಳ್ಳಲಿ.