ಮೊದಲ ಸ್ಥಾನ ಬೇಡ, ದಿನಾಂಕ ಕೊಡಿ

ಬೆಳಗಾವಿ ಅಧಿವೇಶನದ ಮುಂದೆ ನಾಗರಿಕರ ಹಕ್ಕೊತ್ತಾಯ ಪತ್ರ

ಇವರಿಗೆ:
ವಿಧಾನಸಭೆಯ ಮಾನ್ಯ ಸಭಾಧ್ಯಕ್ಷರು
ವಿಧಾನ ಪರಿಷತ್ತಿನ ಮಾನ್ಯ ಸಭಾಪತಿಗಳು
ಮಾನ್ಯ ಮುಖ್ಯಮಂತ್ರಿಗಳು
ಉಭಯ ಸದನಗಳ ಮಾನ್ಯ ವಿರೋಧ ಪಕ್ಷದ ನಾಯಕರು

ವಿಷಯ: ಯಾವ ಮಸೂದೆ ಮೊದಲು ಎಂಬ ಜಗಳ ನಿಲ್ಲಿಸಿ, ಕಲಾಪದ ಸರದಿಗೆ ಬಹಿರಂಗ ನಿಯಮ ರೂಪಿಸುವ ಕುರಿತು

ಮಾನ್ಯರೇ,

ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಶುರುವಾಯಿತೆಂದರೆ ಕೊಂಡಸಕೊಪ್ಪದ ಟೆಂಟುಗಳಲ್ಲಿ ಮನವಿ ಹಿಡಿದು ಕೂರುವವರು ನಾವು. ನಮ್ಮಲ್ಲಿ ಕಬ್ಬು ಬೆಳೆಗಾರರಿದ್ದೇವೆ, ಅಂಗನವಾಡಿ ಕಾರ್ಯಕರ್ತೆಯರಿದ್ದೇವೆ, ಡಿಗ್ರಿ ಮುಗಿಸಿ ಕೆಲಸ ಸಿಗದವರಿದ್ದೇವೆ, ಅವಧಿ ಮುಗಿದ ತಾಲ್ಲೂಕು ಪಂಚಾಯತಿಗಳ ಮಾಜಿ ಸದಸ್ಯರೂ ಇದ್ದೇವೆ. ಸಚಿವರೊಬ್ಬರು ಬಂದು ಮನವಿ ಇಸಿದುಕೊಂಡು ಹೋಗುತ್ತಾರೆ. ಒಳಗೆ ಆ ಹೊತ್ತಿಗೆ ಬೇರೆಯೇ ಕದನ ನಡೆದಿರುತ್ತದೆ. ಆಡಳಿತ ಪಕ್ಷಕ್ಕೆ ತನ್ನ ಮಸೂದೆ ಮೊದಲು, ವಿರೋಧ ಪಕ್ಷಕ್ಕೆ ತನ್ನ ನಿಲುವಳಿ ಸೂಚನೆ ಮೊದಲು. ಈ ಹಗ್ಗಜಗ್ಗಾಟದಲ್ಲಿ ದಿನಗಳು ಕರಗುತ್ತವೆ. ಕಡೆಯ ಎರಡು ದಿನ ಬಂದಾಗ ಯಾವುದು ಮೊದಲು ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ಎಲ್ಲವೂ ಒಟ್ಟಿಗೆ, ಧ್ವನಿಮತದಲ್ಲಿ, ಗದ್ದಲದ ನಡುವೆ ಪಾಸಾಗುತ್ತವೆ.

ಈ ಪತ್ರ ಬರೆಯಲು ಕೂತಾಗ ನಮ್ಮೊಳಗೂ ಇದೇ ಪ್ರಶ್ನೆ ಎದ್ದಿತು. ರೈತರಿಗೆ ಭೂ ಕಾನೂನು ಮೊದಲು, ಹುಡುಗರಿಗೆ ಉದ್ಯೋಗದ ಮಸೂದೆ ಮೊದಲು. ಕೊನೆಗೆ ಒಂದು ಮಾತಿಗೆ ಒಪ್ಪಿದೆವು: ಪ್ರತಿಯೊಂದು ವಿಷಯಕ್ಕೂ ಗೊತ್ತಾದ ದಿನಾಂಕವಿದ್ದರೆ, ಮೊದಲ ಸ್ಥಾನಕ್ಕಾಗಿ ಯಾರೂ ಬಡಿದಾಡಬೇಕಿಲ್ಲ. ಕೆಳಗಿನ ಹಕ್ಕೊತ್ತಾಯಗಳೆಲ್ಲ ಈ ಒಪ್ಪಂದದಿಂದ ಹುಟ್ಟಿದವು.

1. ವರ್ಷಕ್ಕೆ 60 ದಿನ ಸದನ ನಡೆಯಲಿ

ವಿಧಾನಮಂಡಲ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕೆಂದು 2005ರಲ್ಲಿ ಕಾಯ್ದೆ ಮಾಡಿದ್ದು ಇದೇ ವಿಧಾನಮಂಡಲ. ತಾನೇ ಮಾಡಿದ ಕಾಯ್ದೆಯನ್ನು ತಾನೇ ಪಾಲಿಸದ ಸದನ ಇನ್ನೊಬ್ಬರಿಗೆ ಕಾನೂನು ಹೇಳುವುದು ಹೇಗೆ? ಸರದಿಗಾಗಿ ಕಿತ್ತಾಟ ಹುಟ್ಟುವುದೇ ದಿನಗಳು ಸಾಲದೆ. ವರ್ಷದ ಅಧಿವೇಶನಗಳ ದಿನಾಂಕಗಳನ್ನು ಜನವರಿಯಲ್ಲೇ ಪ್ರಕಟಿಸಬೇಕು. ಗದ್ದಲದಿಂದ ಹಾಳಾದ ದಿನಗಳನ್ನು ಈ 60ರ ಲೆಕ್ಕಕ್ಕೆ ಸೇರಿಸಬಾರದು.

2. ಮಸೂದೆಗಳ ಪಟ್ಟಿ ಮತ್ತು ಸರದಿಯ ಕಾರಣ ಮೊದಲೇ ಗೊತ್ತಾಗಲಿ

ಅಧಿವೇಶನಕ್ಕೆ 15 ದಿನ ಮುಂಚೆ ಮಂಡಿಸಲಿರುವ ಮಸೂದೆಗಳ ಕನ್ನಡ ಪಠ್ಯ, ಅವುಗಳ ಸರದಿ, ಪ್ರತಿಯೊಂದರ ಚರ್ಚೆಗೆ ಇಟ್ಟ ಗಂಟೆಗಳು ಪ್ರಕಟವಾಗಬೇಕು. ಕಲಾಪ ಸಲಹಾ ಸಮಿತಿಯಲ್ಲಿ ಯಾವ ಪಕ್ಷ ಏನು ಕೇಳಿತು, ಏನು ಒಪ್ಪಿತು ಎಂಬುದು ಅಂದೇ ಸಂಜೆ ಜನರಿಗೆ ತಿಳಿಯಬೇಕು. ಸಮಿತಿಯಲ್ಲಿ ಒಪ್ಪಿ ಬಂದು ಸದನದಲ್ಲಿ ವಿರೋಧಿಸುವ ನಾಟಕಕ್ಕೆ ಅಲ್ಲಿಗೆ ತೆರೆ ಬೀಳುತ್ತದೆ.

3. ಆದ್ಯತೆಗೆ ಅಳತೆಗೋಲು ಇರಲಿ

ಜೀವ ಮತ್ತು ಜೀವನೋಪಾಯಕ್ಕೆ ನೇರವಾಗಿ ತಾಗುವ ಮಸೂದೆ ಮೊದಲು, ಸುಗ್ರೀವಾಜ್ಞೆಯ ಜಾಗಕ್ಕೆ ಬರುವ ಮಸೂದೆ ಎರಡನೆಯದು, ಸಮಿತಿ ಪರಿಶೀಲಿಸಿ ವರದಿ ಕೊಟ್ಟದ್ದು ಮೂರನೆಯದು. ಮೈಕ್ರೋಫೈನಾನ್ಸ್ ಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿದ ಮೇಲೂ ಸರ್ಕಾರ ಬೆನ್ನುಹತ್ತಿ ಅಂಕಿತ ಹಾಕಿಸಿಕೊಂಡಿತು. ಮನೆಬಾಗಿಲಿಗೆ ವಸೂಲಿಗಾರರು ಬಂದು ನಿಂತಿದ್ದ ಹಳ್ಳಿಗಳಿಗೆ ಆ ತುರ್ತು ಅರ್ಥವಾಗಿತ್ತು. ಅಂಥ ಸಂಕಟ ಇರುವಲ್ಲಿ ಅವಸರ ಮಾಡಿ. ಉಳಿದದ್ದಕ್ಕೆಲ್ಲ ತುರ್ತು ಎಂಬ ಪದ ಬಳಸಬೇಡಿ.

4. ನಿಮ್ಮ ಸಂಬಳದ ಮಸೂದೆ ಸಾಲಿನ ಕೊನೆಗೆ ನಿಲ್ಲಲಿ

2025ರ ಮಾರ್ಚ್ 21ರಂದು ವಿಧಾನಸಭೆ ರಣರಂಗವಾಗಿತ್ತು. ವಿರೋಧ ಪಕ್ಷದ 18 ಶಾಸಕರನ್ನು ಆರು ತಿಂಗಳು ಅಮಾನತು ಮಾಡಲಾಯಿತು. ಅದೇ ದಿನ, ಅದೇ ಗದ್ದಲದಲ್ಲಿ, ಶಾಸಕರ ವೇತನವನ್ನು 40,000 ರೂಪಾಯಿಯಿಂದ 80,000ಕ್ಕೆ, ಮುಖ್ಯಮಂತ್ರಿಯ ವೇತನವನ್ನು 75,000ದಿಂದ 1.5 ಲಕ್ಷಕ್ಕೆ ಏರಿಸುವ ಮಸೂದೆಗಳು ಚರ್ಚೆಯಿಲ್ಲದೆ ಪಾಸಾದವು. ಆ ಮಸೂದೆಗಳ ಸರದಿಗೆ ಮಾತ್ರ ಯಾವ ಅಡ್ಡಿಯೂ ಬರಲಿಲ್ಲ. ಇನ್ನು ಮುಂದೆ ಶಾಸಕರ ವೇತನ, ಭತ್ಯೆ, ಪಿಂಚಣಿಯ ಮಸೂದೆಯನ್ನು ಪಟ್ಟಿಯ ಉಳಿದೆಲ್ಲ ಕೆಲಸ ಮುಗಿದ ಮೇಲಷ್ಟೇ ಎತ್ತಿಕೊಳ್ಳಬೇಕು, ಹೆಸರು ಕೂಗಿ ಮತ ಹಾಕಿಸಬೇಕು.

5. ಗದ್ದಲದಲ್ಲಿ ಮಸೂದೆ ಪಾಸು ಮಾಡುವುದು ನಿಲ್ಲಲಿ

ಸರ್ಕಾರಿ ಗುತ್ತಿಗೆಯಲ್ಲಿ ಮುಸ್ಲಿಮರಿಗೆ ಶೇ 4 ಮೀಸಲಾತಿ ಕೊಡುವ ಮಸೂದೆಯೂ ಅದೇ ಮಾರ್ಚ್ 21ರಂದು ಪಾಸಾಯಿತು. ಮುಂದಿನ ತಿಂಗಳು ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳಿಗೆ ಕಳಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಇದೇ ಬೆಳಗಾವಿಯಲ್ಲಿ, ದ್ವೇಷ ಭಾಷಣ ತಡೆ ಮಸೂದೆ ಅಧಿವೇಶನ ಮುಗಿಯುವ ಹೊತ್ತಿಗೆ ಗದ್ದಲದಲ್ಲೇ ಅಂಗೀಕಾರವಾಯಿತು. ಈ ಮಸೂದೆಗಳ ಪರ ಇರುವವರೂ ವಿರೋಧ ಇರುವವರೂ ನಮ್ಮಲ್ಲಿದ್ದಾರೆ. ಆದರೆ ಸದನದಲ್ಲಿ ಕಲಮುವಾರು ಚರ್ಚೆಯಾಗದ ಕಾನೂನಿನ ದೋಷಗಳು ಆಮೇಲೆ ಕೋರ್ಟಿನಲ್ಲಿ, ಪೊಲೀಸ್ ಠಾಣೆಯಲ್ಲಿ ಹೊರಬರುತ್ತವೆ ಎಂಬುದರಲ್ಲಿ ನಮಗೆ ಭಿನ್ನಮತವಿಲ್ಲ. ಆದ್ದರಿಂದ ಅಧಿವೇಶನದ ಕೊನೆಯ ಎರಡು ದಿನ ಹೊಸ ಮಸೂದೆ ಮಂಡಿಸಬಾರದು. ಸದಸ್ಯರು ಸದನದ ಬಾವಿಯಲ್ಲಿರುವಾಗ ಮಸೂದೆಯನ್ನು ಮತಕ್ಕೆ ಹಾಕಬಾರದು.

6. ವಿರೋಧ ಪಕ್ಷಕ್ಕೆ ಅದರದೇ ದಿನ ಕೊಡಿ, ಅದರಿಂದಲೂ ಮಾತು ಪಡೆಯಿರಿ

ಮೇಲಿನ ನಿಯಮ ಜಾರಿಯಾದರೆ ಬಾವಿಗಿಳಿದು ಯಾವ ಮಸೂದೆಯನ್ನಾದರೂ ತಡೆಯಬಹುದಲ್ಲ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಅದಕ್ಕಾಗಿ ವಾರಕ್ಕೊಂದು ದಿನದ ಕಲಾಪವನ್ನು ವಿರೋಧ ಪಕ್ಷ ಆರಿಸಿದ ವಿಷಯಕ್ಕೇ ಮೀಸಲಿಡಿ. ಅಂದು ಸಂಬಂಧಪಟ್ಟ ಸಚಿವರು ಇಡೀ ದಿನ ಸದನದಲ್ಲಿರಬೇಕು, ಸಂಜೆಯೊಳಗೆ ಉತ್ತರಿಸಬೇಕು. ಪ್ರತಿಯಾಗಿ, ಗೊತ್ತುಮಾಡಿದ ದಿನಾಂಕದಂದು ಮಸೂದೆಯ ಚರ್ಚೆಯನ್ನು ಧರಣಿಯಿಂದ ತಡೆಯುವುದಿಲ್ಲ ಎಂದು ವಿರೋಧ ಪಕ್ಷ ಲಿಖಿತ ಭರವಸೆ ಕೊಡಬೇಕು. ಇಂದು ಎಡಗಡೆ ಕೂತವರು ನಾಳೆ ಬಲಗಡೆ ಕೂರುವವರೇ. ಎರಡೂ ಕಡೆಯಿಂದ ಇದೇ ಆಟ ನೋಡಿದ್ದೇವೆ.

7. ದೊಡ್ಡ ಮಸೂದೆ ಸಮಿತಿಯ ದಾರಿಯಲ್ಲೇ ಬರಲಿ

ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ 2024ರ ಜುಲೈನಲ್ಲಿ ಮಂಡನೆಯಾಗಿ, ಜಂಟಿ ಪರಿಶೀಲನಾ ಸಮಿತಿಗೆ ಹೋಗಿ, 2025ರ ಮಾರ್ಚ್‌ನಲ್ಲಿ ಅಂಗೀಕಾರವಾಯಿತು. ಅದರ ಬಗ್ಗೆ ತಕರಾರು ಇದ್ದವರಿಗೂ ಸಮಿತಿಯ ಮುಂದೆ ಮಾತಾಡಲು ಕಾಲ ಸಿಕ್ಕಿತು. ಅದೇ 2024ರ ಜುಲೈನಲ್ಲಿ, ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ 50, ಇತರ ಹುದ್ದೆಗಳಲ್ಲಿ ಶೇ 70 ಮೀಸಲಿಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ವಿರೋಧಿಸಿದ ಕೂಡಲೇ ತಡೆಹಿಡಿಯಿತು. ಮಂಡನೆಯೂ ಇಲ್ಲ, ಪರಿಶೀಲನೆಯೂ ಇಲ್ಲ. ಅದನ್ನು ಸಮಿತಿಗೆ ಒಪ್ಪಿಸಿ, ಉದ್ಯಮಿಗಳ ಮಾತು ಕೇಳಿ, ನಮ್ಮ ಮಕ್ಕಳ ಮಾತನ್ನೂ ಕೇಳಿ, ವರದಿಗೆ ದಿನಾಂಕ ಹಾಕಿ.

8. ಪರಿಷತ್ತನ್ನು ಬಳಸುದಾರಿಯಲ್ಲಿ ದಾಟಬೇಡಿ

2020ರ ಡಿಸೆಂಬರ್‌ನಲ್ಲಿ ಗೋಹತ್ಯೆ ನಿಷೇಧ ಮಸೂದೆ ಪರಿಷತ್ತಿನ ಮುಂದೆ ಬರುವ ಮೊದಲೇ ಕಲಾಪವನ್ನು ಅನಿರ್ದಿಷ್ಟಾವಧಿಗೆ ಮುಂದೂಡಲಾಯಿತು. ಡಿಸೆಂಬರ್ 15ರಂದು ಮತ್ತೆ ಸೇರಿದ ಸದನದಲ್ಲಿ ಪೀಠದ ಮೇಲಿದ್ದ ಉಪಸಭಾಪತಿಯನ್ನು ಎಳೆದು ಇಳಿಸಿದ್ದನ್ನು ನಾಡೆಲ್ಲ ಟಿ.ವಿ.ಯಲ್ಲಿ ನೋಡಿತು. ಮುಂದಿನ ತಿಂಗಳು ಆ ಮಸೂದೆಯ ಜಾಗಕ್ಕೆ ಸುಗ್ರೀವಾಜ್ಞೆ ಬಂತು. ಪರಿಷತ್ತು ಒಪ್ಪದಿದ್ದರೆ ಏನು ಮಾಡಬೇಕೆಂದು ಸಂವಿಧಾನದ 197ನೇ ವಿಧಿ ಹೇಳಿದೆ: ಮೊದಲು ಮೂರು ತಿಂಗಳು, ವಿಧಾನಸಭೆ ಮತ್ತೊಮ್ಮೆ ಅಂಗೀಕರಿಸಿದರೆ ಇನ್ನೊಂದು ತಿಂಗಳು. ಆಮೇಲೆ ವಿಧಾನಸಭೆಯ ಮಾತೇ ಅಂತಿಮ. ಆ ನಾಲ್ಕು ತಿಂಗಳು ಕಾಯುವ ತಾಳ್ಮೆ ಎಲ್ಲ ಸರ್ಕಾರಗಳಿಗೂ ಬರಲಿ.

9. ಬೆಳಗಾವಿಗೆ ಬಂದ ಕಾರಣ ಮೊದಲ ದಿನವೇ ನೆನಪಾಗಲಿ

2012ರಲ್ಲಿ ಈ ಸೌಧ ಉದ್ಘಾಟನೆಯಾದದ್ದು ಉತ್ತರ ಕರ್ನಾಟಕದ ಮಾತು ಇಲ್ಲಿ ಮೊದಲು ಕೇಳಲಿ ಎಂದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಉತ್ತರ ಕರ್ನಾಟಕದ ಚರ್ಚೆ ಎಷ್ಟೋ ಸಲ ಕೊನೆಯ ದಿನಗಳಿಗೆ ಜಾರಿ, ಖಾಲಿ ಕುರ್ಚಿಗಳ ಮುಂದೆ ಮುಗಿಯುತ್ತದೆ. ಅಧಿವೇಶನದ ಮೊದಲ ಎರಡು ದಿನ ಇದಕ್ಕೇ ಮೀಸಲಾಗಲಿ.

10. ಬಾಕಿ ಇರುವ ಎರಡು ಪ್ರಶ್ನೆಗಳಿಗೆ ದಿನಾಂಕ ಹಾಕಿ

(ಅ) ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದ 2020ರ ತಿದ್ದುಪಡಿಯಿಂದ, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳುವ ದಾರಿ ತೆರೆಯಿತು. ಅದನ್ನು ಹಿಂಪಡೆಯಿರಿ ಎಂದು ರೈತರು ಅಂದಿನಿಂದ ಕೇಳುತ್ತಿದ್ದಾರೆ. ಹಿಂಪಡೆಯುತ್ತೀರೋ ಇಲ್ಲವೋ, ಸದನದಲ್ಲಿ ಚರ್ಚಿಸಿ ಮತಕ್ಕೆ ಹಾಕಿ ಹೇಳಿ.

(ಆ) ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ಮರುವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಡುವ ತಿದ್ದುಪಡಿಗೆ ಅದೇ ವರ್ಷ ಸದನದಲ್ಲಿ ಸಮಯ ಸಿಕ್ಕಿತು. ಚುನಾವಣೆ ಮಾತ್ರ ವರ್ಷಗಟ್ಟಲೆ ನಡೆಯಲಿಲ್ಲ. ಅವಧಿ ಮುಗಿದ ಆರು ತಿಂಗಳೊಳಗೆ ಚುನಾವಣೆ ನಡೆಸದ ಸರ್ಕಾರ ಸದನಕ್ಕೆ ಲಿಖಿತ ಕಾರಣ ಕೊಡಬೇಕೆಂಬ ನಿಯಮ ತನ್ನಿ.

ಮಾನ್ಯರೇ, ಈ ಹತ್ತರಲ್ಲಿ ಯಾವುದಕ್ಕೂ ಹೊಸ ತೆರಿಗೆ ಬೇಕಿಲ್ಲ, ಕೇಂದ್ರದ ಅನುಮತಿಯೂ ಬೇಕಿಲ್ಲ. ಹೆಚ್ಚಿನವು ಸದನದ ನಿಯಮಾವಳಿಯ ತಿದ್ದುಪಡಿಯಿಂದ, ಕೆಲವು ಕಲಾಪ ಸಲಹಾ ಸಮಿತಿಯ ಒಂದು ಬೈಠಕ್‌ನಲ್ಲಿ ಆಗುವ ಕೆಲಸ. ಅಧಿವೇಶನ ಮುಗಿಯುವುದರೊಳಗೆ ಪ್ರತಿ ಹಕ್ಕೊತ್ತಾಯಕ್ಕೂ ಒಪ್ಪಿಗೆ ಅಥವಾ ನಿರಾಕರಣೆಯನ್ನು ಕಾರಣ ಸಹಿತ ಬರಹದಲ್ಲಿ ಕೊಡಬೇಕೆಂದು ಕೋರುತ್ತೇವೆ. ಬಂದ ಉತ್ತರವನ್ನೂ ಬಾರದ ಉತ್ತರವನ್ನೂ, ನಮ್ಮ ಕ್ಷೇತ್ರದ ಶಾಸಕರ ಹೆಸರಿನೊಂದಿಗೆ, ಗ್ರಾಮಸಭೆಗಳಲ್ಲಿ ಓದುತ್ತೇವೆ. 224 ಕ್ಷೇತ್ರಗಳಲ್ಲಿ ಮತ ಕೇಳಲು ನೀವು ಬಂದಾಗ ನಮ್ಮ ಮೊದಲ ಪ್ರಶ್ನೆ ಇದೇ ಪಟ್ಟಿಯಿಂದ ಇರುತ್ತದೆ.

ಇಂತಿ,
ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ, ಗದಗ ಜಿಲ್ಲೆಗಳ ನಾಗರಿಕರು