‘ತಪ್ಪಿದ ಅನಾಹುತ’ ಅಂದರೆ ಸುದ್ದಿ ಮುಗಿಯಿತೇ?

ತರಬೇತಿ ವಿಮಾನ ಹೊಲಕ್ಕೆ ಬಂದು ಬಿದ್ದರೆ ತಲೆಬರಹ ಸಿದ್ಧ: ‘ತಪ್ಪಿದ ಭಾರೀ ಅನಾಹುತ’. ಜತೆಗೊಂದು ವಿಡಿಯೊ, ಕೆಳಗೆ ‘ಓಡಿಸೋಕೆ ಬರದವರಿಗೆ ವಿಮಾನ ಯಾಕೆ?’ ಎಂಬ ಗೇಲಿ. ಮರುದಿನ ಎಲ್ಲರೂ ಮರೆತರು. ಇದನ್ನು ನಾವು ಒಪ್ಪುವುದಿಲ್ಲ.

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನ ತಾಂತ್ರಿಕ ತೊಂದರೆಯಿಂದ ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಉಳಿದರು. ಇದರಲ್ಲಿ ನಗುವಂಥದ್ದೇನಿದೆ?

ರನ್‌ವೇಯಲ್ಲಿ ಇಳಿಸುವುದೂ ಸುಲಭವಲ್ಲ. ಸೆಸ್ನಾದಂಥ ಪುಟ್ಟ ವಿಮಾನವೂ ಗಂಟೆಗೆ ನೂರು ಕಿ.ಮೀ. ದಾಟಿದ ವೇಗದಲ್ಲೇ ಇಳಿಯಲು ಬರುತ್ತದೆ. ನೆಲ ಹತ್ತಿರವಾದಾಗ ಮೂಗನ್ನು ಮೆಲ್ಲಗೆ ಎತ್ತಿ, ಹಿಂದಿನ ಎರಡು ಗಾಲಿ ಮೊದಲು ಊರಬೇಕು. ವೇಗ ಹೆಚ್ಚಾದರೆ ಚೆಂಡಿನಂತೆ ಪುಟಿಯುತ್ತದೆ. ಗಾಬರಿಯಲ್ಲಿ ಮೂಗು ತಗ್ಗಿಸಿದರೆ ಮುಂದಿನ ಗಾಲಿ ಮುರಿಯಬಹುದು, ಪ್ರೊಪೆಲ್ಲರ್ ನೆಲಕ್ಕೆ ಬಡಿಯಬಹುದು. ಸರಿ ಕಾಣದಿದ್ದರೆ ಇಳಿಯದೆ ಮತ್ತೆ ಮೇಲೇರಿ, ಒಂದು ಸುತ್ತು ಹಾಕಿ ಬರುವುದೇ ಜಾಣತನ.

ಆ ಜಾಣತನ ಕಲಿಸಬೇಕಾದವರು ಯಾರು? ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಲಕ್ಷಗಟ್ಟಲೆ ಶುಲ್ಕ ಕಟ್ಟಿದ ಮಕ್ಕಳಿಗೆ ಗಂಟೆ ತುಂಬಿಸುವ ಅವಸರ ಇದ್ದೇ ಇರುತ್ತದೆ. ಒಂಟಿಯಾಗಿ ಹಾರಲು ಒಪ್ಪಿಗೆ ಕೊಡುವವರು ಶಿಕ್ಷಕರು. ವಿಮಾನ ರಿಪೇರಿ ಮಾಡಿಸುವುದು ಶಾಲೆಯ ಹೊಣೆ. ತಪಾಸಣೆ ಡಿಜಿಸಿಎ ಹೊಣೆ. ಬೈಗುಳ ಮಾತ್ರ ಕಲಿಯುವವರಿಗೆ!

2023ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಬಾರಾಮತಿ ಬಳಿ ಒಂದೇ ಶಾಲೆಯ ಎರಡು ವಿಮಾನ ಮೂರು ದಿನದ ಅಂತರದಲ್ಲಿ ಬಿದ್ದವು. ಡಿಜಿಸಿಎ ಆ ಶಾಲೆಯ ತರಬೇತಿಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು. ಮೊದಲ ವಿಮಾನ ಬೀಳುವ ಮುಂಚೆ ತಪಾಸಣೆ ಎಷ್ಟು ಬಿಗಿಯಾಗಿತ್ತು ಎಂದು ಕೇಳುವುದು ತಪ್ಪೇ?

ವಿಮಾನ ಅಪಘಾತದ ತನಿಖೆ ಯಾರ ಮೇಲೂ ತಪ್ಪು ಹೊರಿಸಲಿಕ್ಕಲ್ಲ, ಮುಂದಿನ ಅಪಘಾತ ತಪ್ಪಿಸಲಿಕ್ಕೆ ಎಂದು ನಿಯಮವೇ ಹೇಳುತ್ತದೆ. ಒಳ್ಳೆಯದು. ಆದರೆ ವರದಿ ಬರುವುದು ಇಂಗ್ಲಿಷಿನಲ್ಲಿ. ಯಾರ ಹೊಲಕ್ಕೆ ವಿಮಾನ ಬಿತ್ತೋ ಆ ರೈತನಿಗೆ ಅದು ಮುಟ್ಟುವುದು ಹೇಗೆ?

ನಾವು ಕೇಳುವುದು ಎರಡೇ. ವರದಿಯ ಸಾರಾಂಶ ಕನ್ನಡದಲ್ಲಿ ಆ ಊರಿನ ಪಂಚಾಯಿತಿಗೆ ಬರಲಿ. ಹಾಳಾದ ಬೆಳೆಗೆ ರೈತ ಕಚೇರಿ ಅಲೆಯದಂತೆ ಪರಿಹಾರ ಸಿಗಲಿ.

ನೀವೂ ಒಂದು ಮಾಡಿ. ವಿಮಾನ ಬಿದ್ದರೆ ಮೊದಲು 112ಕ್ಕೆ ಫೋನ್ ಹಚ್ಚಿ. ಇಂಧನ ಸೋರುತ್ತಿರಬಹುದು, ಬೀಡಿ ಹೊತ್ತಿಸಬೇಡಿ, ಗುಂಪು ಕಟ್ಟಬೇಡಿ. ಚೂರುಗಳನ್ನು ಮುಟ್ಟಬೇಡಿ, ಅವೇ ಸಾಕ್ಷಿ. ವಿಡಿಯೊ ಆಮೇಲೆ ಮಾಡಬಹುದು. ಒಳಗಿರುವುದೂ ಯಾರದೋ ಮನೆಯ ಮಗು.